ಗಾಲಿ ಅಳು ನಿಲ್ಲಿಸಿದ ಬೆಳಿಗ್ಗೆ

ಈಗ ಗಾಣದ ಎಣ್ಣೆಗೆ ಮತ್ತೆ ಮರ್ಯಾದೆ ಬಂದಿದೆ. ಮೊನ್ನೆ ನಮ್ಮವರು ಹುಮನಾಬಾದಿನ ಬಜಾರಿನಿಂದ ಕುಸುಬಿ ಎಣ್ಣೆಯ ಬಾಟಲಿಯೊಂದನ್ನು ತಂದು ಅಡುಗೆಕಟ್ಟೆಯ ಮೇಲಿಟ್ಟರು. ಎಷ್ಟೋ ವರ್ಷಗಳಿಂದ ನಮ್ಮ ಮನೆಗೆ ಆ ಎಣ್ಣೆ ಬಂದಿರಲಿಲ್ಲ. ಬಾರದಂತೆ ನಾನೇ ನೋಡಿಕೊಂಡಿದ್ದೆ. ತಂದದ್ದನ್ನು ಬೇಡವೆನ್ನುವುದು ಹೇಗೆ ಎಂದು ಕಬ್ಬಿಣದ ತವೆ ಇಟ್ಟು ಒಂದು ಚಮಚ ಬಿಟ್ಟೆ. ತವೆ ಹೆಚ್ಚು ಕಾದಿತ್ತು. ಎಣ್ಣೆ ಬಿದ್ದ ಕೂಡಲೇ ಹೊಗೆ ಎದ್ದಿತು, ಕಾದ ಕಬ್ಬಿಣದ ಮೇಲೆ ಕುಸುಬಿ ಎಣ್ಣೆ ಸುಡುವ ಆ ವಾಸನೆ ಮೂಗಿಗೆ ಬಡಿಯಿತು. ನನ್ನ ಬಲಗಾಲು ತಾನಾಗಿಯೇ ಅಡುಗೆಮನೆಯ ನೆಲವನ್ನು ಬಲವಾಗಿ ಒತ್ತಿತು. ನನಗೆ ಗಾಡಿ ಓಡಿಸಲು ಬರುವುದಿಲ್ಲ. ಆದರೂ ಕಾಲು ಒತ್ತಿತು...

ಎದುರುಮನೆಯ ಅಣ್ಣ ನೆನಪಾದರು.

ಕೊಡಂಬಲದಿಂದ ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದಾಗ ನನಗೆ ಆ ಓಣಿಯಲ್ಲಿ ಯಾರೂ ಗೊತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಹುಮನಾಬಾದಿನ ಶಾಲೆಯೊಂದರಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತು. ದಿನವೂ ಹೋಗಿ ಬರುವುದು ಹೇಗೆ ಎಂದು ಅತ್ತೆ ಚಿಂತೆ ಮಾಡುತ್ತಿದ್ದಾಗ ಎದುರುಮನೆಯ ಕಟ್ಟೆಯಿಂದಲೇ ಉತ್ತರ ಬಂದಿತ್ತು. "ನನ್ನ ವ್ಯಾನ್ ದಿನಾ ಹೋಗ್ತದಲ್ರಿ ಯಕ್ಕಾ. ತಂಗಿನ್ನ ಕರ್ಕೊಂಡ್ ಹೋಗ್ತೀನಿ, ಹಂಗೇ ತಂದು ನಿಮ್ಮ ಬಾಗಿಲದಾಗ ಇಳಸ್ತೀನಿ." ಅಂದಿನಿಂದ ಅವರು ನನಗೆ ಅಣ್ಣ, ನಾನು ಅವರಿಗೆ ತಂಗಿ.

ಬಿಳಿ ಬಣ್ಣದ ಸಣ್ಣ ವ್ಯಾನು ಅದು. ಮುಂದೆ ಮೂತಿಯೇ ಇಲ್ಲದ ಗಾಡಿ. ಚಾಲಕನ ಮೊಣಕಾಲಿಗೂ ಎದುರಿನ ಲೋಕಕ್ಕೂ ನಡುವೆ ಒಂದು ತಗಡು ಮಾತ್ರ. ನಾಲ್ಕಾರು ಜನ ನೌಕರಸ್ಥರು ದಿನವೂ ಅದರಲ್ಲಿ ಹೋಗುತ್ತಿದ್ದೆವು. ಮುಂದಿನ ಸೀಟು ಯಾವಾಗಲೂ ಸರ್ಕಾರಿ ದವಾಖಾನೆಯ ಕಂಪೌಂಡರ್ ಸಾಹೇಬರದು. ದಪ್ಪನೆಯ ಮನುಷ್ಯ, ಹಿಂದೆ ಹಿಡಿಸುತ್ತಿರಲಿಲ್ಲ. ಬಾಯಿ ಸುಮ್ಮನಿರುತ್ತಿರಲಿಲ್ಲ. ಕಲ್ಯಾಣದಿಂದ ಬಂಗ್ಲಾ ಕ್ರಾಸಿನವರೆಗೆ ಒಳರಸ್ತೆ, ಅಲ್ಲಿ ಹೈದರಾಬಾದಿನ ದೊಡ್ಡ ರಸ್ತೆ ಸೇರಿ ರಾಜೇಶ್ವರದ ಮೇಲೆ ಹುಮನಾಬಾದು. ದೊಡ್ಡ ರಸ್ತೆಯ ಲಾರಿಗಳೆಂದರೆ ನನಗೆ ಮೊದಲಿನಿಂದಲೂ ಎದೆಯಲ್ಲಿ ಅಳುಕು. ಕ್ರಾಸಿಗೆ ಮುಂಚೆ ರಸ್ತೆ ತುಸು ಇಳಿಯುತ್ತದೆ. ಆ ಇಳಿಜಾರಿನಲ್ಲಿ ಅಣ್ಣ ಗಾಡಿಯನ್ನು ಹಸುಗೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ನಿಧಾನವಾಗಿ ಇಳಿಸಿ, ಪೂರ್ತಿ ನಿಲ್ಲಿಸಿ, ಎರಡೂ ಕಡೆ ನೋಡಿ ದೊಡ್ಡ ರಸ್ತೆಗೆ ಹಾಯುತ್ತಿದ್ದರು.

ಅವರ ಗಾಡಿಯಲ್ಲಿ ಟೇಪ್‌ರೆಕಾರ್ಡರ್ ಇರಲಿಲ್ಲ. ಕಂಪೌಂಡರ್ ಸಾಹೇಬರು ದಿನವೂ ಕೆಣಕುತ್ತಿದ್ದರು. "ಹಾಡಿಲ್ಲ, ಗೀಡಿಲ್ಲ. ಮಣ್ಣಿಗೆ ಹೊಂಟಂಗ ಹೊಂಟೀವಲ್ರಿ ಡ್ರೈವರ್ ಸಾಹೇಬ್ರ!"

"ಹಾಡ್ ಹಚ್ಚಿದ್ರ ಗಾಡಿ ಮಾತಾಡೂದು ಕೇಳಸಂಗಿಲ್ರಿ," ಎನ್ನುತ್ತಿದ್ದರು ಅಣ್ಣ. ಹೌದು, ಅವರು ಕಿವಿಯಿಂದ ಗಾಡಿ ಓಡಿಸುತ್ತಿದ್ದರು. ಬೆಲ್ಟು ಸಡಿಲಾದರೆ, ಸೈಲೆನ್ಸರಿನ ನಟ್ಟು ಅಲುಗಿದರೆ, ನಮಗಾರಿಗೂ ಕೇಳಿಸುವ ಮೊದಲೇ ತಲೆ ವಾರೆ ಮಾಡುತ್ತಿದ್ದರು.

ಆ ಮನೆಯಲ್ಲಿ ಇದ್ದದ್ದು ಇಬ್ಬರೇ, ಅಣ್ಣ ಮತ್ತು ಅವರ ತಾಯಿ. ಅಣ್ಣನ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ತಾಯಿಯನ್ನು ಓಣಿಯೆಲ್ಲ ಆಯಿ ಎಂದೇ ಕರೆಯುತ್ತಿತ್ತು. ಆಯಿಯ ಗಂಡ ನಾರಾಯಣಪುರದವರು, ಬಾಡಿಗೆ ಬಂಡಿ ಹೊಡೆಯುತ್ತಿದ್ದವರು. ಕಲ್ಲು, ಮಣ್ಣು, ಜೋಳದ ಚೀಲ ಎಲ್ಲವನ್ನೂ ಸಾಗಿಸಿದ ಮನೆತನ. ಬೆನ್ನು ಬಾಗಿದ್ದರೂ ಆಯಿ ನಸುಕಿಗೇ ಎದ್ದು ಬಾಗಿಲಿಗೆ ನೀರು ಹಾಕಿ, ಹೊಸ್ತಿಲು ಪೂಜೆ ಮಾಡಿ, ಅದೇ ತಟ್ಟೆ ಹಿಡಿದು ವ್ಯಾನಿನ ಹತ್ತಿರ ಬರುತ್ತಿದ್ದಳು. ಮುಂದಿನ ಗಾಜಿನ ಕೆಳಗೆ ವಿಭೂತಿ, ಮುಂದಿನ ಎರಡೂ ಗಾಲಿಗಳಿಗೆ ಕುಂಕುಮ. ಬಂಡಿಗೆ ಮಾಡುತ್ತಿದ್ದದ್ದನ್ನೇ ವ್ಯಾನಿಗೂ ಮಾಡುತ್ತಿದ್ದಳು. "ಗಾಲಿ ಅಂದ ಮ್ಯಾಲ ಗಾಲಿನೇ. ಎತ್ತು ಎಳದ್ರೇನು, ಪೆಟ್ರೋಲ್ ಎಳದ್ರೇನು?" ಎಂಬುದು ಅವಳ ಮಾತು.

ಆ ವರ್ಷ ದೀಪಾವಳಿ ಕಳೆದ ಮೇಲೆ, ಕಬ್ಬಿನ ಬಂಡಿಗಳು ರಸ್ತೆಗೆ ಬೀಳುವ ಹೊತ್ತಿಗೆ, ಅಣ್ಣ ಮುಂದಿನ ಗಾಲಿಗಳ ಬ್ರೇಕ್ ಪ್ಯಾಡು ಬದಲಿಸಿದರು. ಹಳೆಯವು ಸವೆದಿದ್ದವು. ಹುಮನಾಬಾದಿನಲ್ಲಿ ದೊಡ್ಡ ರಸ್ತೆಯ ಪಕ್ಕದಲ್ಲೇ ಒಬ್ಬ ಮಿಸ್ತ್ರಿ ಇದ್ದರು. ಬಿಳಿ ಗಡ್ಡದ, ಮೆಲುಮಾತಿನ ಮನುಷ್ಯ. ಅಣ್ಣನ ಗಾಡಿ ಅವರೊಬ್ಬರ ಕೈ ಬಿಟ್ಟು ಬೇರೆಯವರ ಕೈ ಕಂಡಿರಲಿಲ್ಲ. ನಾವು ಶಾಲೆ, ಕಚೇರಿ, ದವಾಖಾನೆಗಳಲ್ಲಿ ಇದ್ದ ಹೊತ್ತಿನಲ್ಲಿ ಅವರು ಹೊಸ ಪ್ಯಾಡು ಹಾಕಿ ಕೊಟ್ಟಿದ್ದರು.

ಅವತ್ತೇ ಸಂಜೆ ಮೊದಲ ಸಲ ಕೇಳಿದ್ದು. ರಾಜೇಶ್ವರದ ಹತ್ತಿರ ಎಮ್ಮೆಗಳು ಅಡ್ಡ ಬಂದವು, ಅಣ್ಣ ಮೆಲ್ಲಗೆ ಬ್ರೇಕು ಒತ್ತಿದರು. ಎಡಗಡೆಯ ಗಾಲಿಯಿಂದ ಕುಂಂಂಯ್ ಎಂದು ಸಣ್ಣ, ಉದ್ದನೆಯ ದನಿ ಎದ್ದಿತು. ಬಾಗಿಲ ಸಂದಿಯಲ್ಲಿ ಸಿಕ್ಕ ನಾಯಿಮರಿಯ ದನಿಯಂಥದು. ಬ್ರೇಕು ಬಿಟ್ಟ ಕೂಡಲೇ ನಿಂತಿತು. ಬಲವಾಗಿ ಒತ್ತಿದಾಗಲೂ ಬರಲಿಲ್ಲ. ಮೆಲ್ಲಗೆ ಒತ್ತಿದಾಗ ಮಾತ್ರ.

"ಏನ್ರೀ ಇದು, ಯಾರರೆ ಗಾಲಿ ಕೆಳಗ ಸಿಕ್ಕಾರೇನ್ ನೋಡ್ರಿ," ಎಂದರು ಕಂಪೌಂಡರ್ ಸಾಹೇಬರು. ಎಲ್ಲರೂ ನಕ್ಕೆವು. ಅಣ್ಣ ನಗಲಿಲ್ಲ. ತಲೆ ವಾರೆ ಮಾಡಿದ್ದರು.

ಮರುದಿನ ಬೆಳಿಗ್ಗೆ ನಮ್ಮೆಲ್ಲರನ್ನೂ ಕೂರಿಸಿಕೊಂಡೇ ಮಿಸ್ತ್ರಿಯ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರು. ಮಿಸ್ತ್ರಿ ಗಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಗಾಡಿಯನ್ನು ಮುಂದೆ ಹಿಂದೆ ಮಾಡಿಸಿ, ಕಿವಿಗೊಟ್ಟು ಕೇಳಿದರು. ಆಮೇಲೆ ಎದ್ದು ಕಿಟಕಿಯಲ್ಲಿ ಕೂತಿದ್ದ ನಮಗೇ ಹೇಳಿದರು. "ಹೊಸಾ ಮಾಲು, ಜರಾ ಅಳ್ತದ. ತಟ್ಟಿಗೂ ಪ್ಯಾಡಿಗೂ ಇನ್ನೂ ಗುರ್ತಾಗಿಲ್ಲ. ಖರ್ರ್ ಖರ್ರ್ ಅಂತಂದ್ರ ಫಿಕರ್ ಮಾಡ್ರಿ, ಕಬ್ಬಿಣ ಕಬ್ಬಿಣಾನ ತಿನ್ನಾಕತ್ತದಂತ. ಟಕ್ ಟಕ್ ಅಂದ್ರ ಏನೋ ಸಡ್ಲ ಆಗ್ಯಾದ, ತಕೊಂಡ್ ಬರ್ರಿ. ಇದು ಬರೀ ಅಳೂದು. ಅಳಾಕತ್ತದಂದ್ರ ಹಿಡಿಯಾಕತ್ತದಂತ ತಿಳಕೋರಿ."

ತಟ್ಟೆ ಎಂದರೆ ಗಾಲಿಯ ಜೊತೆ ತಿರುಗುವ ಉಕ್ಕಿನ ಡಿಸ್ಕು. ಅದನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವುದು ಪ್ಯಾಡು. ಇಷ್ಟು ನನಗೆ ಆವತ್ತೇ ತಿಳಿದದ್ದು. ಅಂದಿನಿಂದ ವ್ಯಾನಿನಲ್ಲಿ ಕೂತವರೆಲ್ಲ ಬ್ರೇಕಿನ ವೈದ್ಯರೇ ಆಗಿಬಿಟ್ಟೆವು. "ಇವತ್ತು ಸಣ್ಣಗದ." "ಇಲ್ಲಪ್ಪ, ನಿನ್ನಿಗಿಂತ ಜಾಸ್ತಿ ಅದ." "ಥಂಡಿಗೆ ಹಂಗ ಆಗ್ತದ." ಯಾವ ಸದ್ದಿಗೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂದು ಎಲ್ಲರೂ ಬಲ್ಲೆವು. ಸದ್ದಿಲ್ಲದ್ದಕ್ಕೆ ಹೆದರಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ದಿನ ಕಳೆದರೂ ಅಳು ನಿಲ್ಲಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ವ್ಯಾನು ಓಣಿಯ ತಿರುವಿಗೆ ಬಂದು ಬ್ರೇಕು ಒತ್ತಿದರೆ ಆ ದನಿ ಎರಡೂ ಸಾಲಿನ ಮನೆಗಳೊಳಗೆ ಹೋಗುತ್ತಿತ್ತು. ಉಣ್ಣಲು ಕೂತ ಮಕ್ಕಳು ಬೆಚ್ಚಿ ನೋಡುತ್ತಿದ್ದವು. ನಮ್ಮ ಅತ್ತೆ ಒಳಗಿನಿಂದಲೇ "ಬಂತು ನೋಡು ಅಳುಬುರುಕಿ," ಎನ್ನುತ್ತಿದ್ದರು. ಆದರೆ ಆಯಿಗೆ ಅದು ತಮಾಷೆಯಾಗಿರಲಿಲ್ಲ. ದೀಪ ಹಚ್ಚಿದ ಹೊತ್ತಿನಲ್ಲಿ ಹೊಸ್ತಿಲ ಮುಂದೆ ಅಳುವ ದನಿ ಕೇಳಬಾರದು ಎಂದು ನಂಬಿದ್ದ ಜೀವ ಅದು. ಒಮ್ಮೆ ನಾನು ಇಳಿಯುತ್ತಿದ್ದಾಗ ನನ್ನ ಕೈ ಹಿಡಿದುಕೊಂಡು ಕೇಳಿದಳು. ಕೈ ತಣ್ಣಗಿತ್ತು.

"ಹಾದ್ಯಾಗ ಎಲ್ಲೆಲ್ಲಿ ಅಳ್ತದವ್ವಾ ಅದು?"

"ಎಲ್ಲಿ ಬ್ರೇಕ್ ಒತ್ತತಾರ ಅಲ್ಲೆಲ್ಲಾ ಅಳ್ತದ ಆಯಿ. ಏನೂ ಆಗಂಗಿಲ್ಲ ಅಂತ ಮಿಸ್ತ್ರಿ ಹೇಳ್ಯಾರ."

"ಮಿಸ್ತ್ರಿ ಹೇಳ್ತಾನ... ನನ್ನ ಗಂಡನ ಬಂಡಿ ಹಿಂಗೇ ಅತ್ತಿತ್ತು. ಎಣ್ಣಿ ಕಾಣದ ಗಾಲಿ ಅಚ್ಚು ತಿಂದು, ಅಚ್ಚು ಮುರದು, ಅಂವ ಅದರ ಬುಡಕ ಬಿದ್ದ. ಅವತ್ತಿಂದ ಅಂವ ನೆಟ್ಟಗ ಉಸರಾಡಲಿಲ್ಲ." ಅಷ್ಟು ಹೇಳಿ ಎಡಗಾಲಿಯನ್ನೇ ನೋಡುತ್ತ ನಿಂತಳು. ಅವಳ ಕಣ್ಣಲ್ಲಿದ್ದದ್ದು ಸಿಟ್ಟೋ ಹೆದರಿಕೆಯೋ ನನಗೆ ತಿಳಿಯಲಿಲ್ಲ.

ನಾನೂ ಬಂಡಿಯ ಊರಿನವಳೇ. ಕೊಡಂಬಲದಲ್ಲಿ ನಮ್ಮಪ್ಪನ ಬಂಡಿಯ ಕೆಳಗೆ ಕೀಲೆಣ್ಣೆಯ ಬಿದಿರಿನ ಗೊಟ್ಟ ಸದಾ ತೂಗಾಡುತ್ತಿತ್ತು. ಗಾಲಿ ಕಿರುಗುಟ್ಟಿತೆಂದರೆ ಬಂಡಿ ನಿಲ್ಲಿಸಿ, ಒಂದು ಚಿಂದಿಯಿಂದ ಕೀಲಿಗೆ ಎಣ್ಣೆ ತೊಡೆದು ಮುಂದೆ ಹೋಗುವುದು. ಅಳುವ ಗಾಲಿ ಎಂದರೆ ಹಸಿದ ಗಾಲಿ. ಅದಕ್ಕೆ ಎಣ್ಣೆ ಕೊಡದವನು ಎತ್ತಿಗೆ ಮೇವು ಹಾಕದವನಂತೆಯೇ ಪಾಪಿ.

ಒಂದು ರವಿವಾರ ಅಣ್ಣ ಮನೆಯ ಮುಂದೆಯೇ ಎಡಗಾಲಿ ಬಿಚ್ಚಿದರು. ನಾನು ನಮ್ಮ ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಆರಿಸುತ್ತಿದ್ದೆ. ಆಯಿ ಅವರ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಿದ್ದಳು. ಅಣ್ಣ ಪ್ಯಾಡು ಹೊರಗೆ ತೆಗೆದು, ಬೆಳಕಿಗೆ ಹಿಡಿದು, ಮೇಲ್ಮೈಯನ್ನು ಮರಳು ಕಾಗದದಿಂದ ಉಜ್ಜಿದರು. ಹಿಂಬದಿಯ ಸಣ್ಣ ತಗಡು ಒಂದೆಡೆ ಎದ್ದಿತ್ತು. ಅದನ್ನು ನೆಟ್ಟಗೆ ಕೂರಿಸಿ, ಆ ತಗಡಿನ ಬೆನ್ನಿಗೆ ಕಿರುಬೆರಳಿನ ತುದಿಯಿಂದ ಗ್ರೀಸು ಸವರಿದರು. ಬೆನ್ನಿಗೆ ಮಾತ್ರ. ತಟ್ಟೆಯನ್ನು ಹಿಡಿಯುವ ಮುಖದ ಕಡೆ ಬೆರಳು ತಾಗದಂತೆ ಎಷ್ಟು ಎಚ್ಚರ ವಹಿಸಿದರೆಂದರೆ, ಮುಗಿದ ಮೇಲೆ ಕೈ ಒರೆಸಿಕೊಂಡು ಮತ್ತೆ ಒರೆಸಿಕೊಂಡರು.

ಆದರೆ ಆಯಿಗೆ ಕಂಡದ್ದು ಬೆನ್ನೂ ಅಲ್ಲ, ಮುಖವೂ ಅಲ್ಲ. ಮಗ ಗಾಲಿಗೆ ಎಣ್ಣೆ ಹಚ್ಚುತ್ತಿದ್ದಾನೆ, ಅಷ್ಟೇ ಕಂಡಿತು.

"ಎಣ್ಣಿ ಹಚ್ಚಾಕತ್ತೀ ಏನೋ?" ಎಂದು ಕೇಳಿದಳು. ದನಿಯಲ್ಲಿ ಎಷ್ಟೋ ದಿನದ ಮೇಲೆ ಸಮಾಧಾನವಿತ್ತು.

ತಗಡು, ಪ್ಯಾಡು, ತಟ್ಟೆ ಎಂದು ಮುದುಕಿಗೆ ಬಿಡಿಸಿ ಹೇಳುವವರು ಯಾರು? ಅಣ್ಣ ನಟ್ಟು ಬಿಗಿಯುತ್ತ, ನಗುತ್ತಲೇ ಅಂದರು. "ಹೂಂ ಆಯಿ. ಒಣಗ್ಯಾದ ಪಾಪ. ಎಣ್ಣಿ ಬೇಡಾಕತ್ತದ."

"ನಾ ಅವತ್ತಿಂದ ಅದನ್ನೇ ಬಡಕೋಳಾಕತ್ತೀನಿ," ಎಂದಳು ಆಯಿ.

ಅಷ್ಟೇ. ಓಣಿಯಲ್ಲಿ ದಿನಕ್ಕೆ ನೂರು ಸಲ ಆಡುವಂಥ ಮಾತು. ಬೇಳೆ ಆರಿಸುತ್ತಿದ್ದ ನಾನೂ ನಕ್ಕೆ...

ಗಾಲಿ ಕೆಲವು ದಿನ ಸುಮ್ಮನಿದ್ದು ಮತ್ತೆ ಶುರು ಮಾಡಿತು. ಮೊದಲಿನಷ್ಟಲ್ಲ, ಕೊನೆಯಲ್ಲಿ ನಿಲ್ಲುವಾಗ ಒಂದು ಸಣ್ಣ ಮುಲುಕು. ಮಿಸ್ತ್ರಿ ಕೇಳಿ, "ಪ್ಯಾಡಿನ ಅಂಚು ಚೂಪ್ ಅದ, ಅದಕ್ಕ ಹಿಂಗ್ ಮಾಡಾಕತ್ತದ. ಈ ಶುಕ್ರವಾರ ನಮಾಜ್ ಮುಗಿಸ್ಕೊಂಡು ಬರ್ತೀನಿ, ಗಾಡಿ ಇಲ್ಲೇ ಬಿಟ್ಟಿರ್ರಿ. ಅಂಚು ಉಜ್ಜಿ ಕೊಡ್ತೀನಿ, ಮುಗೀತು," ಎಂದರು. ಅಣ್ಣ ಒಪ್ಪಿದರು.

ಶುಕ್ರವಾರಕ್ಕೆ ಮೊದಲೇ, ವಾರದ ನಡುವೆ, ಒಂದು ಬೆಳಿಗ್ಗೆ ವ್ಯಾನು ಸದ್ದಿಲ್ಲದೆ ನಮ್ಮ ಬಾಗಿಲಿಗೆ ಬಂದು ನಿಂತಿತು.

ಎಷ್ಟು ಸದ್ದಿಲ್ಲದೆ ಎಂದರೆ ನಾನು ಒಳಗೆ ಡಬ್ಬಿ ಕಟ್ಟುತ್ತಲೇ ಇದ್ದೆ, ಬಂದದ್ದೇ ತಿಳಿಯಲಿಲ್ಲ. ಅಣ್ಣ ಬಾಗಿಲಿಗೇ ಬಂದು "ತಂಗಿ, ಹೊತ್ತಾತು," ಎಂದು ಕರೆದರು. ಮುಖ ಅರಳಿತ್ತು. ದಾರಿಯುದ್ದಕ್ಕೂ ಎಲ್ಲಿ ಒತ್ತಿದರೂ ದನಿಯೇ ಇಲ್ಲ. ಕಂಪೌಂಡರ್ ಸಾಹೇಬರು ಬಂಗ್ಲಾದಲ್ಲಿ ಗಾಡಿ ನಿಲ್ಲಿಸಿ ಎಲ್ಲರಿಗೂ ಚಹಾ ಕುಡಿಸಿದರು. "ಕೂಸು ಅಳೂದು ಬಿಟ್ಟದ. ಜಾವಳ ಮಾಡಿಬಿಡೋಣ," ಎಂದರು. ಅಣ್ಣನೂ ನಕ್ಕರು. ಕೊನೆಗೂ ಪ್ಯಾಡು ತಟ್ಟೆಗೆ ಹೊಂದಿಕೊಂಡಿತು ಎಂದುಕೊಂಡರು. ಶುಕ್ರವಾರ ಬರುವುದಿಲ್ಲ ಎಂದು ಮಿಸ್ತ್ರಿಗೆ ಹೋಗುತ್ತ ಹೋಗುತ್ತಲೇ ಕೈ ಮಾಡಿ ಹೇಳಿದರು. ಮಿಸ್ತ್ರಿ ಅಂಗಡಿಯ ಬಾಗಿಲಲ್ಲಿ ನಿಂತು, ಹೊರಟುಹೋಗುವ ಗಾಡಿಯನ್ನು ತುಸು ಹೊತ್ತು ನೋಡುತ್ತಿದ್ದರು. ಅವರೇನಾದರೂ ಅಂದರೋ ಏನೋ, ನಾವು ಮುಂದೆ ಹೋಗಿದ್ದೆವು.

ನನಗೆ ಅವತ್ತು ಸಂಜೆ ಒಂದು ಬಗೆಯ ಇರಸುಮುರಸು. ಓಣಿಯ ತಿರುವಿನಲ್ಲಿ ವ್ಯಾನು ಕಳ್ಳನ ಹಾಗೆ ನುಸುಳಿತು. ಯಾವ ಮಗುವೂ ತಲೆ ಎತ್ತಲಿಲ್ಲ. ಆಯಿ ಕಟ್ಟೆಯ ಮೇಲೆ ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಏನೋ ಗೆದ್ದವಳಂತೆ ನಗುತ್ತಿದ್ದಳು.

ಮರುದಿನ ಮಂಜು ಬಿದ್ದಿತ್ತು. ನಾನು ಕಸ ಹೊಡೆಯಲು ಬಾಗಿಲು ತೆಗೆದಾಗ ಆಯಿ ಎಂದಿನಂತೆ ಗಾಲಿಯ ಪಕ್ಕದಲ್ಲಿ ಕೂತಿದ್ದಳು. ಕುಂಕುಮದ ತಟ್ಟೆ ನೆಲದ ಮೇಲಿತ್ತು. ಅದರ ಪಕ್ಕದಲ್ಲಿ ದೇವರ ದೀಪಕ್ಕೆ ಎಣ್ಣೆ ಎರೆಯುವ, ಉದ್ದ ಮೂತಿಯ ಹಿತ್ತಾಳೆಯ ಗಿಂಡಿ. ಪೂಜೆಯ ಸಾಮಾನು ತಾನೇ? ನೋಡಿದವರು ಯಾರಿಗೂ ಬೇರೆ ಏನೂ ಅನಿಸುವಂತಿರಲಿಲ್ಲ.

ಊರು ದಾಟುವ ಹೊತ್ತಿಗೆ ವ್ಯಾನಿನೊಳಗೆ ವಾಸನೆ ಶುರುವಾಯಿತು. ಕುಸುಬಿ ಎಣ್ಣೆ ಕಾದ ವಾಸನೆ.

"ಯಾರು ಭಜಿ ಕಟಗೊಂಡ್ ಬಂದೀರಿ? ಹೊರಗ ತಗೀರಿ, ಒಬ್ಬರೇ ತಿಂದ್ರ ಹೊಟ್ಟಿ ನೋಯ್ತದ," ಎಂದರು ಕಂಪೌಂಡರ್ ಸಾಹೇಬರು ಹಿಂದೆ ತಿರುಗಿ. ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಯಾರ ಡಬ್ಬಿಯಲ್ಲೂ ಭಜಿ ಇರಲಿಲ್ಲ. ಅಣ್ಣ ಮಾತ್ರ ತಲೆ ವಾರೆ ಮಾಡಿದ್ದರು. ಕೇಳಿಸಿಕೊಳ್ಳಲು ಏನೂ ಇಲ್ಲದಿದ್ದರೂ ಕೇಳುತ್ತಿದ್ದರು. ಗಾಡಿ ನಿಲ್ಲಿಸಿ ನೋಡಬೇಕು ಎಂದುಕೊಂಡಿರಬೇಕು. ಕ್ರಾಸಿನಲ್ಲಿ ಹೇಗೂ ನಿಲ್ಲಿಸುವುದೇ ಇತ್ತಲ್ಲ...

ಬಂಗ್ಲಾದ ಇಳಿಜಾರು ಬಂತು. ಮಂಜಿನೊಳಗೆ ದೊಡ್ಡ ರಸ್ತೆಯ ಲಾರಿಗಳ ದೀಪಗಳು ಒಂದರ ಹಿಂದೆ ಒಂದು ಹಾಯುತ್ತಿದ್ದವು. ಅಣ್ಣ ಎಂದಿನಂತೆ ಮೆಲ್ಲಗೆ ಒತ್ತಿದರು. ಗಾಡಿ ನಿಧಾನವಾಗಲಿಲ್ಲ. ಬಲವಾಗಿ ಒತ್ತಿದರು. ಆಗ ಗಾಡಿಯ ಮೂತಿಯನ್ನು ಯಾರೋ ಹಗ್ಗ ಹಾಕಿ ಎಳೆದಂತೆ ಬಲಕ್ಕೆ ಜಗ್ಗಿತು. ಯಾವ ದನಿಯೂ ಇರಲಿಲ್ಲ. ಅದೇ ನನಗೆ ಇವತ್ತಿಗೂ ಮರೆಯದು. ನಾವು ಯಾರೂ ಕೂಗಲಿಲ್ಲ, ಗಾಲಿಯೂ ಕೂಗಲಿಲ್ಲ. ಎದುರಿನ ದೀಪಗಳು ದೊಡ್ಡದಾಗುತ್ತ ಬಂದವು. ಆಮೇಲೆ ದೀಪಗಳು ಪಕ್ಕಕ್ಕೆ ಸರಿದು, ಬಲಗಡೆಯ ಬೇವಿನ ಮರ ಬಂತು.

ಬ್ರೇಕೇ ಅತ್ತ ಎಳೆಯಿತೋ, ಲಾರಿಗಳ ಬಾಯಿಗೆ ಕೊಡುವುದಕ್ಕಿಂತ ಇದೇ ಇರಲಿ ಎಂದು ಅಣ್ಣನೇ ತಿರುಗಿಸಿದರೋ, ಗೊತ್ತಿಲ್ಲ. ಗಾಡಿಯ ಬಲ ಮೂಲೆ ಮರಕ್ಕೆ ಬಡಿಯಿತು. ಬಲ ಮೂಲೆ ಎಂದರೆ ಅವರು ಕೂತ ಜಾಗ. ನಮಗೆ ಗಾಯ, ಬಾವು. ಕಂಪೌಂಡರ್ ಸಾಹೇಬರ ಹಣೆ ಒಡೆದು ರಕ್ತ ಸುರಿಯುತ್ತಿತ್ತು. ಆದರೂ ಅವರೇ ಎಲ್ಲರಿಗಿಂತ ಮೊದಲು ಇಳಿದು ಅಣ್ಣನ ಕಡೆಯ ಬಾಗಿಲು ಎಳೆಯಹತ್ತಿದರು. ಬಾಗಿಲು ಬರಲಿಲ್ಲ. ಅಣ್ಣನ ಮೊಣಕಾಲು ಆ ತಗಡಿನೊಳಗೆ ಎಲ್ಲೋ ಇತ್ತು. ಅವರ ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ಅಚ್ಚರಿ ಇತ್ತು. "ಯಾರಿಗೇನಾತ್ರಿ? ತಂಗಿ ಎಲ್ಲಿ?" ಎಂದು ಕೇಳುತ್ತಿದ್ದರು.

ಅವರನ್ನು ಹುಮನಾಬಾದಿನ ದವಾಖಾನೆಗೆ ಸೇರಿಸಿದರು. ನಾನು ಹಣೆಗೆ, ಕೈಗೆ ಪಟ್ಟಿ ಹಾಕಿಸಿಕೊಂಡು ಊರಿಗೆ ಬಂದೆ. ಎರಡು ದಿನ ಬಿಟ್ಟು ಬಸ್ಸಿನಲ್ಲಿ ಅವರನ್ನು ನೋಡಲು ಹೋದಾಗ, ಗಾಡಿಯಲ್ಲಿ ಉಳಿದ ಕನ್ನಡಕ ತಂದುಕೊಡಲು ಕೇಳಿದರು. ವ್ಯಾನನ್ನು ಎಳೆದು ತಂದು ಮಿಸ್ತ್ರಿಯ ಅಂಗಡಿಯ ಹಿಂದೆ ನಿಲ್ಲಿಸಿದ್ದರು.

ಮಿಸ್ತ್ರಿಯ ಮುಖ ಇಳಿದುಹೋಗಿತ್ತು. ಊರೆಲ್ಲ ಅವರ ಮೇಲೆಯೇ ಮಾತಾಡುತ್ತಿತ್ತು. ಡುಪ್ಲಿಕೇಟ್ ಮಾಲು ಹಾಕಿದ, ನಟ್ಟು ಬಿಗಿಯದೆ ಬಿಟ್ಟ ಎಂದು ಬಾಯಿಗೆ ಬಂದದ್ದು ಅನ್ನುತ್ತಿದ್ದರು. ಗಿರಾಕಿಗಳು ಅಂಗಡಿಯ ಮುಂದೆಯೇ ಹಾದು ಬೇರೆ ಕಡೆ ಹೋಗುತ್ತಿದ್ದರು. ಮಿಸ್ತ್ರಿ ನನ್ನನ್ನು ಎಡಗಾಲಿಯ ಹತ್ತಿರ ಕರೆದೊಯ್ದರು. ಗಾಲಿ ಬಿಚ್ಚಿತ್ತು. ಪ್ಯಾಡನ್ನು ಅಂಗೈಯಲ್ಲಿಟ್ಟು ತೋರಿಸಿದರು. ಅದರ ಮುಖ ಕಪ್ಪಗೆ, ರೊಟ್ಟಿ ತವೆಯ ಹಾಗೆ ಹೊಳೆಯುತ್ತಿತ್ತು.

"ವಾಸನಿ ನೋಡ್ರಿ ಬೆಹನ್. ಇದು ಗಾಡಿ ಎಣ್ಣಿ ಅಲ್ಲ. ಗಾಡಿ ಎಣ್ಣಿ ಹೋಗೂ ಹಾದಿನೇ ಇಲ್ಲ ಇಲ್ಲಿ. ಗಾಲಿ ತೂತಿನಾಗಿಂದ ಯಾರೋ ಹೊರಗಿಂದ ಹಾಕ್ಯಾರ. ಯಾಕ ಹಾಕ್ಯಾರ, ಅಲ್ಲಾಗೇ ಗೊತ್ತು."

ನಾನು ಮೂಸಿದೆ. ನಮ್ಮ ಕಡೆಯ ಯಾವ ಹೆಣ್ಣುಮಗಳಿಗೂ ಆ ವಾಸನೆಯನ್ನು ಎರಡು ಸಲ ಮೂಸಬೇಕಿಲ್ಲ. ಕುಂಕುಮದ ತಟ್ಟೆಯ ಪಕ್ಕದಲ್ಲಿದ್ದ ಹಿತ್ತಾಳೆಯ ಗಿಂಡಿ, ಅದರ ಉದ್ದ ಮೂತಿ, ಮಂಜು... ಗಾಡಿಯೊಳಗಿಂದ ಕನ್ನಡಕ ಹುಡುಕಿ ತೆಗೆದೆ.

ದವಾಖಾನೆಗೆ ಮರಳಿ ಕನ್ನಡಕ ಕೊಟ್ಟೆ. ಅಣ್ಣ ಹಾಕಿಕೊಳ್ಳಲಿಲ್ಲ. ಕೈಯಲ್ಲೇ ಹಿಡಿದುಕೊಂಡು, "ಮಿಸ್ತ್ರಿ ಗಾಲಿ ಬಿಚ್ಚ್ಯಾರೇನು?" ಎಂದರು.

"ಬಿಚ್ಚ್ಯಾರ್ರಿ. ಎಡಗಾಲಿಗೆ ಎಣ್ಣಿ ಬಿದ್ದದಂತ."

"ಯಾವ ಎಣ್ಣಿ?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಕುಸುಬಿ ಎಣ್ಣಿ, ಅಣ್ಣಾ."

ಅವರು ಕಣ್ಣು ಮುಚ್ಚಿದರು. "ನಾನೇ ಹೇಳಿದ್ನಲ್ಲ ತಂಗಿ... ಎಣ್ಣಿ ಬೇಡಾಕತ್ತದ ಅಂತ." ಕನ್ನಡಕವನ್ನು ಮಡಚಿ ದಿಂಬಿನ ಪಕ್ಕಕ್ಕಿಟ್ಟು, "ಆಯಿ ಮುಂದ ಅನಬ್ಯಾಡ," ಎಂದರು. "ಆಕಿ ಈಗಾಗ್ಲೇ ಒಬ್ಬನ್ನ ಗಾಲಿಗೆ ಕೊಟ್ಟಾಳ."

"ಆದ್ರ ಮಿಸ್ತ್ರಿ? ಊರೆಲ್ಲ ಅವರನ್ನೇ ಬೈಯಾಕತ್ತದ."

ಅದಕ್ಕೂ ಅವರು ದಾರಿ ಹುಡುಕಿದರು. ಸಂಜೆ ಪೊಲೀಸರು ಹೇಳಿಕೆ ಬರೆದುಕೊಳ್ಳಲು ಬಂದಾಗ, ಮಂಚದ ಪಕ್ಕದಲ್ಲಿ ಕಂಪೌಂಡರ್ ಸಾಹೇಬರೂ ಇದ್ದಾಗ, ದನಿ ಎತ್ತರಿಸಿಯೇ ಹೇಳಿದರಂತೆ. "ಬ್ರೇಕ್ ಏನೂ ಆಗಿಲ್ರಿ ಸಾಹೇಬ್ರ. ಮಿಸ್ತ್ರಿ ಕೆಲಸ ಪಕ್ಕಾ ಅದ. ನನಗೇ ಜೊಂಪು ಹತ್ತಿತ್ತು." ಮಿಸ್ತ್ರಿಗೆ ಅದು ಸುಳ್ಳೆಂದು ಗೊತ್ತಿತ್ತು. ಗಾಲಿಗೆ ಎಣ್ಣೆ ಹಾಕಿದವರು ಯಾರೆಂದು ಅವರು ಕೇಳಲಿಲ್ಲ, ಅಣ್ಣನೂ ಹೇಳಲಿಲ್ಲ. ಆ ಪ್ಯಾಡನ್ನು ಮಿಸ್ತ್ರಿ ವಾಸನೆ ಹೋಗುವಂತೆ ಬೂದಿ ಹಚ್ಚಿ ತೊಳೆದು ಹಳೆ ಸಾಮಾನಿನ ರಾಶಿಗೆ ಎಸೆದರು.

ಜೊಂಪು ಹತ್ತಿದ ಡ್ರೈವರನ ಗಾಡಿಗೆ ಮತ್ತೆ ಯಾರು ಹತ್ತುತ್ತಾರೆ? ಕಾಲು ಕೂಡಿದರೂ ಮೊಣಕಾಲು ಮಡಚಲು ಬರಲಿಲ್ಲ. ಬಂದಿದ್ದರೂ ಯಾರೂ ಕರೆಯುತ್ತಿರಲಿಲ್ಲ. ವ್ಯಾನು ಗುಜರಿಗೆ ಹೋಯಿತು. ಅಣ್ಣ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತು ಬೇರೆಯವರ ಜೀಪುಗಳಿಗೆ ಜನ ಕರೆಯುವ ಕೆಲಸ ಹಿಡಿದರು. "ಹುಮನಾಬಾದ್... ಹುಮನಾಬಾದ್, ಹುಮನಾಬಾದ್..." ನಾನು ಬಸ್ಸಿಗೆ ಕಾಯುತ್ತ ಆ ದನಿ ಕೇಳುತ್ತಿದ್ದೆ. ಹೊಸ ಡ್ರೈವರುಗಳು ಅವರನ್ನು ಕೆಣಕುತ್ತಿದ್ದರು. "ಯಣ್ಣಾ, ನಿಂತಲ್ಲೇ ನಿದ್ದಿ ಮಾಡಬ್ಯಾಡ್ರಿ, ಬಿದ್ದುಗಿದ್ದೀರಿ!" ಅಣ್ಣ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಕಿವಿಯಿಂದ ಗಾಡಿ ಓಡಿಸುತ್ತಿದ್ದ ಮನುಷ್ಯ, ಹಾಡನ್ನೂ ಬೇಡವೆಂದಿದ್ದ ಮನುಷ್ಯ. ಆ ನಗು ಕೇಳಲಾರದೆ ನಾನು ಬೇರೆ ಕಡೆ ನೋಡುತ್ತಿದ್ದೆ.

ಆಯಿಗೆ ಮಾತ್ರ ಮಗನ ಮೇಲೆ ಸಿಟ್ಟು ಇಳಿಯಲೇ ಇಲ್ಲ. ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಹೇಳುತ್ತಿದ್ದಳು. "ಗಾಲಿ ಅಳೂದು ನಾ ನಿಂದರಸಿದ್ದೆ. ಎಲ್ಲಾ ನೆಟ್ಟಗಾಗಿತ್ತು. ಇವ, ಈ ದೊಡ್ಡ ಮನಷ್ಯಾ, ಬೆಳಬೆಳಗ್ಗೆ ಮಲಕೊಂಡ ನೋಡ್ರಿ!" ಹೇಗೆ ನಿಲ್ಲಿಸಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಪೂಜೆ, ಹರಕೆ ಎಂದುಕೊಳ್ಳುತ್ತಿದ್ದರು. ಅಣ್ಣ ಅಲ್ಲೇ ಬಾಗಿಲಲ್ಲಿ ಕಾಲು ಚಾಚಿ ಕೂತಿರುತ್ತಿದ್ದರು. "ಹೌದವ್ವಾ, ತಪ್ಪು ನಂದೇ," ಎನ್ನುತ್ತಿದ್ದರು. ಆಗ ನನ್ನ ಕಡೆ ಮಾತ್ರ ನೋಡುತ್ತಿರಲಿಲ್ಲ.

ಆ ಮನೆಯ ಬಾಗಿಲುಗಳಿಗೆ, ಬಾವಿಯ ಗಡಗಡೆಗೆ ಆಯಿ ಕೊನೆಯವರೆಗೂ ಎಣ್ಣೆ ಹಾಕುತ್ತಿದ್ದಳು. ಯಾವುದೂ ಕಿರುಗುಟ್ಟಕೂಡದು. ಅಷ್ಟು ಸದ್ದಿಲ್ಲದ ಮನೆಯನ್ನು ನಾನು ಇನ್ನೊಂದು ಕಂಡಿಲ್ಲ. ಬಾಗಿಲು ತೆರೆದದ್ದು ತಿಳಿಯುತ್ತಿರಲಿಲ್ಲ, ಮುಚ್ಚಿದ್ದೂ ತಿಳಿಯುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಆಯಿ ತೀರಿಕೊಂಡಳು. ತಾಯಿಯ ಕೆಲಸವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನು ರೊಟ್ಟಿ, ಪಲ್ಯ ಕೊಡಲು ಹೋದೆ. ಅಣ್ಣ ಒಬ್ಬರೇ ಕೂತಿದ್ದರು. ದೇವರ ಮಾಡದಲ್ಲಿ ಆ ಹಿತ್ತಾಳೆಯ ಗಿಂಡಿ ಇತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಈಗರೆ ಖರೇ ಹೇಳ್ರಿ ಅಣ್ಣಾ. ನಿದ್ದಿ ಮಾಡಿದ್ರಿ ಅಂತ ಎಷ್ಟ್ ದಿನಾ ಅನಿಸ್ಕೋತೀರಿ? ಈಗ ಯಾರಿಗೂ ನೋವಾಗಂಗಿಲ್ಲ."

ಅವರು ರೊಟ್ಟಿಯನ್ನು ತುಸು ಹೊತ್ತು ಕೈಯಲ್ಲಿ ತಿರುಗಿಸಿದರು.

"ಇದ್ದಾಗ ಹೇಳಿದ್ರ ಎದುರು ಮಾತಾಡ್ತಿದ್ಲು, ಜಗಳಾಡ್ತಿದ್ಲು, ಅಳ್ತಿದ್ಲು. ಈಗ ಹೇಳಿದ್ರ ಆಕಿ ಜವಾಬು ಕೊಡಾಕ ಎಲ್ಲಿದ್ದಾಳ ತಂಗಿ?" ಎಂದರು. ಆಮೇಲೆ ನಗುತ್ತ ಅಂದರು. "ಮತ್ತ ಜನಕ್ಕ ಈಗ ರೂಢಿ ಆಗ್ಯಾದ ಬಿಡು. ನನಗೂ ಆಗ್ಯಾದ."

ಮುಂದೆ ನಾವು ಕಲ್ಯಾಣ ಬಿಟ್ಟು ಹುಮನಾಬಾದಿನಲ್ಲೇ ಮನೆ ಮಾಡಿದೆವು. ಅಣ್ಣ ಹೋದ ಸುದ್ದಿ ನನಗೆ ತಡವಾಗಿ, ಬೇರೆ ಯಾರದೋ ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ ತಿಳಿಯಿತು. ಹೇಳಿದವರಿಗೆ ಅವರ ಬಗ್ಗೆ ನೆನಪಿದ್ದದ್ದು ಒಂದೇ. "ಅದೇ ರಿ, ನಿದ್ದಿಗಣ್ಣಾಗ ಗಾಡಿ ಗಿಡಕ್ಕ ಹೊಡದಿದ್ನಲ್ಲ, ಅಂವ." ನಾನು ತುತ್ತು ಕೈಯಲ್ಲೇ ಹಿಡಿದು, ಹೌದು ಎಂದೆ. ಅವರ ಗುಟ್ಟನ್ನು ಕಾಯಲು ನನಗೆ ಬೇರೆ ದಾರಿ ತಿಳಿದಿರಲಿಲ್ಲ. ಎದುರುಮನೆ ಈಗಿಲ್ಲ. ಅಲ್ಲಿ ಮೊಬೈಲ್ ಅಂಗಡಿ ಆಗಿದೆ. ಮಿಸ್ತ್ರಿಯೂ ಇಲ್ಲ, ಕಂಪೌಂಡರ್ ಸಾಹೇಬರೂ ಇಲ್ಲ. ಇದನ್ನು ಓದಿ ನೋಯುವವರು ಯಾರೂ ಉಳಿದಿಲ್ಲವೆಂದು ಇಂದು ಬರೆಯುತ್ತಿದ್ದೇನೆ. ಆದರೂ ಅವರ ಒಪ್ಪಿಗೆ ಕೇಳದೆ ಬರೆದಂತಾಯಿತು...

ಮೊನ್ನೆ ತವೆಯ ಮುಂದೆ ನಿಂತಿದ್ದಾಗ ಹೊರಗೆ ನಮ್ಮ ಕಾರು ಬಂತು. ಬೆಳಿಗ್ಗೆಯಷ್ಟೇ ಹೊಸ ಬ್ರೇಕ್ ಪ್ಯಾಡು ಹಾಕಿಸಲು ನಮ್ಮವರು ಗ್ಯಾರೇಜಿಗೆ ಹೋಗಿದ್ದರು. ಗೇಟಿನ ಹತ್ತಿರ ಕಾರು ಕುಂಂಂಯ್ ಎಂದಿತು. ಅವರು ಇಳಿಯುತ್ತಲೇ ಬೈಯತೊಡಗಿದರು. "ಎಂಥಾ ಮಾಲು ಹಾಕ್ಯಾರೋ ಏನೋ. ಕೇಳಿದ್ಯಾ ಅದರ ದನಿ? ನಾಳೆನೇ ಹೋಗಿ ಏನರೆ ಹಾಕಿಸ್ಕೊಂಡು ಬರ್ತೀನಿ, ಸುಮ್ನಾಗ್ತದ."

ನಾನು ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ.

"ಗ್ಯಾರೇಜಿನವರಿಗೆ ಒಮ್ಮೆ ತೋರಿಸ್ರಿ. ಆದ್ರ ಸುಮ್ನಾಗಲಿ ಅಂತ ಏನೂ ಹಾಕಸಬ್ಯಾಡ್ರಿ," ಎಂದೆ. "ಈಗ ಇನ್ನೊಂದ್ಸಲ ಹತ್ರಿ. ಸ್ವಲ್ಪ ಮುಂದ ತಗೊಂಡು ಮೆಲ್ಲಗ ಒತ್ರಿ."

ಅವರು ನನ್ನ ಮುಖ ನೋಡಿದರು. ಏನನ್ನಿಸಿತೋ, ಮತ್ತೆ ಹತ್ತಿ ಕಾರನ್ನು ಓಣಿಯ ತಿರುವಿನವರೆಗೆ ಒಯ್ದು ಮರಳಿ ತಂದರು. ನಮ್ಮ ಬಾಗಿಲಿಗೆ ಬರುವಾಗ ಅದು ಅತ್ತಿತು. ಸಣ್ಣಗೆ, ಉದ್ದಕ್ಕೆ, ಎಡಗಡೆಯಿಂದ. ಪಕ್ಕದ ಮನೆಯ ಮಗುವೊಂದು ಕಿಟಕಿಯಲ್ಲಿ ತಲೆ ಎತ್ತಿ ನೋಡಿತು. ನಾನು ತಲೆ ವಾರೆ ಮಾಡಿ, ಆ ದನಿ ಪೂರ್ತಿ ನಿಲ್ಲುವವರೆಗೆ ಕೇಳುತ್ತ ನಿಂತೆ.